ಎಡಗಾಲಿನಲ್ಲಿ ಮೂರೇ ಬೆರಳು

"ಅದನ್ನ ಮುಟ್ಟಬಾರದು ಅಂತ ಅಪ್ಪಣೆಯಾಗಿದೆ," ಎಂದ ಹಾಗ್‌ಬಾರ್ಟ್.

"ಅಪ್ಪಣೆ ಕೊಟ್ಟವರು ಊಟಕ್ಕೆ ಹೋಗಿದ್ದಾರಲ್ಲ," ಎಂದಳು ರಾವ್ನಾ. ಮಾತು ಮುಗಿಯುವಷ್ಟರಲ್ಲಿ ಮೇಜಿನ ಮೇಲಿದ್ದ ಬಲಗಾಲಿನ ಬೂಟು ಅವಳ ಮಡಿಲಲ್ಲಿತ್ತು.

ಬಂದರಿನ ಪೇದೆ ಹಾಗ್‌ಬಾರ್ಟ್ ಕಿಟಕಿಗೆ ಹೋಗಿ ಕೆಳಗಿನ ಬೀದಿ ನೋಡಿದ. ಟ್ರೋಮ್ಸೊ ಬಂದರಿನ ಸುಂಕದ ಕಟ್ಟೆಯ ಮಹಡಿ ಅದು. ಮೂರು ದಿನದಿಂದ ವಿಚಾರಣೆ ನಡೆದ ಕೋಣೆ. ಮ್ಯಾಜಿಸ್ಟ್ರೇಟ್ ಬ್ರೂನ್ ಸಾಹೇಬರು ಕ್ಯಾಪ್ಟನ್ ಲುಂಡ್ಬಿಯನ್ನು ತಮ್ಮ ಮನೆಗೇ ಊಟಕ್ಕೆ ಕರೆದೊಯ್ದಿದ್ದರು. ಮೀನು, ಆಲೂಗಡ್ಡೆ, ಒಂದು ಲೋಟ ಕಾಫಿ. ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಬಂದು ತೀರ್ಪಿಗೆ ಸಹಿ ಹಾಕುತ್ತಾರೆ. ಐದು ಗಂಟೆಯ ಟಪಾಲು ಹಡಗಿನಲ್ಲಿ ಕ್ಯಾಪ್ಟನ್ ರಾಜಧಾನಿಗೆ ಹೊರಡುತ್ತಾನೆ. ಅಲ್ಲಿ ಅವನಿಗಾಗಿ ಪದಕ ಕಾದಿದೆ.

ರಾವ್ನಾಳ ಗಂಡ ಐಲೆರ್ಟ್‌ಗೆ ಕಾದಿದ್ದು ಬೇರೆ. ಬರುವ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಸತ್ತವರ ಹೆಸರು ಓದುತ್ತಾರೆ. ಸತ್ತವರು ಹತ್ತು, ಓದುವುದು ಒಂಬತ್ತು. ಉಳಿದ ಒಂದು ಹೆಸರು ಕಳ್ಳನದು, ಜೊತೆಗಾರರನ್ನು ಸಾಯಲು ಬಿಟ್ಟು ಓಡಿಹೋದವನದು. ತೀರ್ಪಿನಲ್ಲಿ ಹಾಗೇ ಬರೆದಾಗಿತ್ತು. ಸಹಿಯೊಂದು ಬಾಕಿ.

ಹೋದ ಬೇಸಿಗೆಯಲ್ಲಿ ಉತ್ತರ ಧ್ರುವ ಹುಡುಕಿಕೊಂಡು ಹನ್ನೊಂದು ಜನರನ್ನು ಹೊತ್ತು ಹೋದ 'ಸ್ವಾಲೆನ್' ಹಡಗು ಹಿಮದ ಹಿಡಿತಕ್ಕೆ ಸಿಕ್ಕಿ ಪುಡಿಯಾಯಿತು, ತಿರುಗಿ ಬಂದವನು ಲುಂಡ್ಬಿ ಒಬ್ಬನೇ. ಹಿಮದ ನಡುವೆ ದಾರಿ ತೋರಿಸಬೇಕಿದ್ದ ಐಲೆರ್ಟ್ ಕೊನೆಯ ದೋಣಿಯನ್ನೂ ಬಿಸ್ಕತ್ತಿನ ಮೂಟೆಯನ್ನೂ ಕದ್ದು ಓಡಿದನಂತೆ. ಹಸಿವಿನಿಂದ ಉಳಿದವರೆಲ್ಲ ಸತ್ತರಂತೆ. ಮೂರು ವಾರ ನಡೆದ ಮೇಲೆ ದೋಣಿಯ ಪಕ್ಕದಲ್ಲೇ ಕಳ್ಳನ ಹೆಣ ಕ್ಯಾಪ್ಟನ್‌ಗೆ ಸಿಕ್ಕಿತಂತೆ. ಗುರುತಿಗೆಂದು ಬೂಟು ಬಿಚ್ಚಿಕೊಂಡು, ಅದೇ ದೋಣಿಯಲ್ಲಿ ಹೊರಟು, ರಷ್ಯದ ಬೇಟೆಗಾರರ ಕಣ್ಣಿಗೆ ಬಿದ್ದು ಬದುಕಿದನಂತೆ. ಕೇಳಿದವರೆಲ್ಲ ಕಣ್ಣೊರೆಸಿಕೊಂಡಿದ್ದರು.

ರಾವ್ನಾ ಕಣ್ಣೊರೆಸಿಕೊಂಡಿರಲಿಲ್ಲ. ಬೂಟು ಹೊಲಿದವಳು ಅವಳು.

"ಬೇಗ ನೋಡು ರಾವ್ನಕ್ಕ," ಎಂದ ಹಾಗ್‌ಬಾರ್ಟ್. "ನನ್ನ ಸರಕಾರಿ ಅಂಗಿ ಗುಂಡಿ ಕಿತ್ತು ಇವತ್ತೇ ಮನೆಗೆ ಕಳಿಸೋ ಹಾಗೆ ಮಾಡಬೇಡ."

"ಗುಂಡಿ ಕಿತ್ತರೆ ನಾನು ಹೊಲಿದು ಕೊಡ್ತೀನಿ. ಸುಮ್ನಿರು."

ಹಿಮಸಾರಂಗದ ಚರ್ಮದ ಬೂಟು. ತುದಿ ಮೇಲಕ್ಕೆ ಬಾಗಿದ ಮೂಗು. ಹಿಮ್ಮಡಿಯಿಂದ ಮೊಣಕಾಲ ಕೆಳಗಿನವರೆಗೆ ಸುತ್ತುವ ಕೆಂಪು ಹಳದಿ ನೇಯ್ಗೆಯ ಪಟ್ಟಿ, ಎರಡು ಮಾರು ಉದ್ದ. ಪಟ್ಟಿಯ ಚಿತ್ತಾರ ಒಬ್ಬೊಬ್ಬ ಹೆಂಗಸಿನದು ಒಂದೊಂದು. ಈ ಪಟ್ಟಿ ಕಂಡರೆ ಬಂದರಿನ ಕೂಸೂ ಹೇಳುತ್ತದೆ, ಇದು ರಾವ್ನಾ ಗಂಡನ ಬೂಟು ಎಂದು.

ಅವಳು ಪಟ್ಟಿಯನ್ನು ಉದ್ದಕ್ಕೆ ಬಿಡಿಸಿ ಬೆರಳ ನಡುವೆ ಎಳೆದಳು. ಒಂದು ಎಳೆಯೂ ಹರಿದಿರಲಿಲ್ಲ.

"ಹಾಗ್‌ಬಾರ್ಟ್, ನೀನು ಹೆಪ್ಪುಗಟ್ಟಿದ ಹೆಣ ನೋಡಿದ್ದೀಯಲ್ಲ?"

"ಬೇಕಾದಷ್ಟು."

"ಅದರ ಕಾಲಿಂದ ಬೂಟು ಬಿಚ್ಚಿದ್ದೀಯ?"

"ಬಿಚ್ಚೋದೆಲ್ಲಿ ಬಂತು? ಚಾಕು ಹಾಕಿ ಸೀಳಬೇಕು. ಪಟ್ಟಿ, ಚರ್ಮ, ಕಾಲು ಎಲ್ಲ ಸೇರಿ ಒಂದೇ ಕಲ್ಲಾಗಿರುತ್ತೆ." ಹೇಳುತ್ತಾ ಹೇಳುತ್ತಾ ಅವನು ಕಿಟಕಿ ಬಿಟ್ಟು ಹತ್ತಿರ ಬಂದ. ಪಟ್ಟಿಯನ್ನು ಮುಟ್ಟಿ ನೋಡಿದ. ಮುಟ್ಟಬಾರದೆಂಬ ಅಪ್ಪಣೆ ಅವನಿಗೂ ಮರೆತುಹೋಗಿತ್ತು.

ರಾವ್ನಾ ಬೂಟಿನೊಳಗೆ ಕೈ ಹಾಕಿ ಹುಲ್ಲು ಹೊರಗೆಳೆದಳು. ಪೇಟೆಯವರು ಲಾಪ್ ಎಂದು ಕರೆಯುವ ಅವಳ ಉತ್ತರದ ಜನ ಕಾಲುಚೀಲ ಹಾಕುವುದಿಲ್ಲ. ಕೆರೆಯಂಚಿನ ಹುಲ್ಲನ್ನು ಆಗಸ್ಟಿನಲ್ಲಿ ಕೊಯ್ದು, ಬಡಿದು, ಕೂದಲಿನಷ್ಟು ನಯ ಮಾಡಿ, ಹಕ್ಕಿ ಗೂಡಿನ ಹಾಗೆ ಸುತ್ತಿ ಅದರೊಳಗೆ ಬರಿಗಾಲಿಡುತ್ತಾರೆ. ಸಂಜೆಗೆ ತೆಗೆದು ಒಣಗಿಸಿ, ಬೆಳಿಗ್ಗೆ ಮತ್ತೆ ಸುತ್ತುತ್ತಾರೆ. ನಡೆಯಲು ಕಲಿತ ಮಗುವಿಗೆ ಎರಡನೆಯ ಪಾಠ ಇದೇ.

ಅವಳ ಕೈಗೆ ಬಂದದ್ದು ಕೆರೆಯ ಹುಲ್ಲಾಗಿರಲಿಲ್ಲ. ಒರಟಾದ, ಹಳದಿ, ಗೆಣ್ಣುಗೆಣ್ಣಿನ ಹುಲ್ಲು. ಮೂಗಿನ ಕಡೆ ಮುಷ್ಟಿಯಲ್ಲಿ ತುರುಕಿದ್ದರು, ಹಿಮ್ಮಡಿಯಲ್ಲಿ ಖಾಲಿ. ಅವಳು ಮೂಸಿದಳು.

"ರೈ ಧಾನ್ಯದ ಹುಲ್ಲು," ಎಂದಳು. "ಡಾಂಬರಿನ ವಾಸನೆ. ಯಾರ ಹಾಸಿಗೆ ಇದು, ಹೇಳು ನೋಡೋಣ."

"ರಷ್ಯನ್ನರದು," ಎಂದ ಹಾಗ್‌ಬಾರ್ಟ್. ಬೇಸಿಗೆಯಿಡೀ ಅವರ ದೋಣಿಗಳನ್ನು ತಪಾಸಣೆ ಮಾಡುವವನು ಅವನು. ಅವರ ಹುಲ್ಲುಹಾಸಿಗೆಗಳು ಅವನಿಗೆ ಗೊತ್ತು.

"ಸತ್ತ ಮೇಲೆ ನನ್ನ ಗಂಡ ಎದ್ದು ರಷ್ಯನ್ ದೋಣಿಗೆ ಹೋಗಿ ಹಾಸಿಗೆ ಬಿಚ್ಚಿ ಬೂಟಿಗೆ ಹುಲ್ಲು ತುಂಬಿಕೊಂಡ ಅನ್ನು."

ಎಡಗಾಲಿನ ಬೂಟಿಗೆ ಕೈ ಚಾಚುವಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಒಂದು ಹೆಜ್ಜೆ, ಒಂದು ಕೋಲು. ಕ್ಯಾಪ್ಟನ್ ಕಾಫಿಗೆ ಕೂತಿರಲಿಲ್ಲ.

"ಇಟ್ಟುಬಿಡು," ಎಂದ ಹಾಗ್‌ಬಾರ್ಟ್ ಮೆಲ್ಲಗೆ.

ರಾವ್ನಾ ಇಡಲಿಲ್ಲ. ಎರಡೂ ಬೂಟನ್ನು ಮಡಿಲಲ್ಲಿಟ್ಟುಕೊಂಡು, ಸಾಕ್ಷಿಗಳು ಕೂರುವ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಳು. ವಿಚಾರಣೆಗೆ ಅವಳನ್ನು ಯಾರೂ ಕರೆದಿರಲಿಲ್ಲ. ಮೂರು ದಿನ ಬಾಗಿಲ ಹೊರಗೆ ನಿಂತಿದ್ದಳು. ನಿಂತು ನಿಂತು ಸಾಕಾಗಿತ್ತು.

ಬ್ರೂನ್ ಸಾಹೇಬರು ಮೊದಲು ಒಳಗೆ ಬಂದರು. ಅರವತ್ತರ ಮನುಷ್ಯ. ತೋಳಿಗೆ ಕಪ್ಪು ಪಟ್ಟಿ. ಅವರ ಒಬ್ಬನೇ ಮಗ ಲೌರಿತ್ಸ್, ಗಿಡ ಪಾಚಿ ಕಲ್ಲು ಆರಿಸುವ ಹುಚ್ಚಿನವನು, 'ಸ್ವಾಲೆನ್' ಹತ್ತಿದ್ದ. ಅವನನ್ನು ತನ್ನ ಕೈಯಾರೆ ಮಣ್ಣು ಮಾಡಿ, ಪ್ರಾರ್ಥನೆ ಹೇಳಿ ಬಂದೆನೆಂದು ಲುಂಡ್ಬಿ ಪ್ರಮಾಣ ಮಾಡಿದ್ದ. ಮಗನಿಗೆ ಮಣ್ಣು ಕೊಟ್ಟವನನ್ನು ಅಪ್ಪ ಊಟಕ್ಕೆ ಕರೆಯದೆ ಏನು ಮಾಡಿಯಾನು?

"ಏನಿದು ಹಾಗ್‌ಬಾರ್ಟ್?" ಎಂದರು ಸಾಹೇಬರು.

ಹಾಗ್‌ಬಾರ್ಟ್ ಕೆಮ್ಮಿದ. ಕಷ್ಟಕ್ಕೆ ಸಿಕ್ಕಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು.

"ಅವನನ್ನ ಕೇಳಬೇಡಿ ಸಾಹೇಬರೇ," ಎಂದಳು ರಾವ್ನಾ. "ನಾನೇ ನುಗ್ಗಿದ್ದು. ಸಹಿಗೆ ಮುಂಚೆ ನಾಲ್ಕು ಮಾತು ಕೇಳಬೇಕು. ಕೇಳಿ ಹೊರಗೆ ಹಾಕಿ."

ಕ್ಯಾಪ್ಟನ್ ಲುಂಡ್ಬಿ ಕೋಲು ಊರಿಕೊಂಡು ಒಳಗೆ ಬಂದ. ನಲವತ್ತರ ಹತ್ತಿರದ ಚೆಲುವ, ಒಪ್ಪವಾಗಿ ಕತ್ತರಿಸಿದ ಗಡ್ಡ. ಎಡಗಾಲಿನ ಎರಡು ಬೆರಳನ್ನು ಧ್ರುವಕ್ಕೆ ಕೊಟ್ಟು ಬಂದವನೆಂದು ಊರ ಹೆಂಗಸರು ಅವನ ಕುಂಟು ನಡಿಗೆಗೇ ಮರುಗುತ್ತಿದ್ದರು. "ವಿಧವೆ ಹೆಂಗಸು," ಎಂದ ಅವನು, ಸಾಹೇಬರಿಗೆ ಮಾತ್ರ ಕೇಳಿಸುವಂತೆ ಎಂದುಕೊಂಡು. "ದುಃಖದಲ್ಲಿದ್ದಾಳೆ. ಮನೆಗೆ ಕಳಿಸಿ."

"ವಿಧವೆ ಅನ್ನೋದನ್ನ ಆಮೇಲೆ ತೀರ್ಮಾನ ಮಾಡೋಣ," ಎಂದಳು ರಾವ್ನಾ. "ಮೊದಲು ಇದನ್ನ ಹೇಳಿ. ನನ್ನ ಗಂಡನ ಹೆಣದಿಂದ ಈ ಬೂಟು ಹೇಗೆ ಬಿಚ್ಚಿದಿರಿ?"

"ಕೈಯಿಂದ."

"ಪಟ್ಟಿ ಕತ್ತರಿಸದೆ?"

"ಬೆಂಕಿ ಹತ್ತಿರ ಕರಗಿಸಿ ಬಿಚ್ಚಿದೆ."

"ಹಾಗ್‌ಬಾರ್ಟ್, ಮೊನ್ನೆ ಇವರು ಬರೆಸಿದ್ದು ಓದು. ಬೆಂಕಿಯ ಮಾತು."

ಹಾಗ್‌ಬಾರ್ಟ್ ಸಾಹೇಬರ ಮುಖ ನೋಡಿದ. ಅವರು ತಲೆ ಆಡಿಸಲಿಲ್ಲ, ಬೇಡವೆನ್ನಲೂ ಇಲ್ಲ. ಅವನು ಮೇಜಿನ ಮೇಲಿನ ಕಡತ ತಿರುವಿದ. "'ಹೆಣ ಸಿಗುವ ಹೊತ್ತಿಗೆ ನನ್ನ ಬಳಿ ಉರುವಲು ಮುಗಿದು ಒಂಬತ್ತು ದಿನವಾಗಿತ್ತು. ಮಾಂಸವನ್ನು ಹಸಿಯಾಗಿ ತಿಂದೆ.'"

"ದೋಣಿಯ ಹಲಗೆ ಇತ್ತು," ಎಂದ ಲುಂಡ್ಬಿ.

"ಹಲಗೆ ಸುಟ್ಟ ದೋಣಿಯಲ್ಲಿ ಸಮುದ್ರಕ್ಕೆ ಇಳಿದಿರಾ? ಧೈರ್ಯವಂತರು ನೀವು."

ಸಾಹೇಬರ ತುಟಿಯಂಚು ಅಲುಗಿತು. ಲುಂಡ್ಬಿ ಅದನ್ನು ಕಂಡ. ಕುರ್ಚಿ ಎಳೆದು ಕುಳಿತು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ನೋಡಮ್ಮ. ನಿನ್ನ ಸಂಕಟ ನನಗೆ ಅರ್ಥವಾಗುತ್ತೆ. ಅಲ್ಲಿ ಹಸಿವು, ಕತ್ತಲು, ಹುಚ್ಚು. ಏನು ಯಾವಾಗ ಮಾಡಿದೆ ಅಂತ ಗಡಿಯಾರ ಹಿಡಿದು ಕೂತಿರಲಿಲ್ಲ ನಾನು."

"ಆಯ್ತು, ಬಿಡಿ. ಈ ಹುಲ್ಲು ಯಾರು ತುಂಬಿದ್ದು?"

"ನಾನೇ. ರಷ್ಯನ್ ದೋಣಿಯಲ್ಲಿ. ಬೂಟಿನ ಆಕಾರ ಕೆಡದೆ ಇರಲಿ ಅಂತ. ಸಾಕ್ಷಿ ಅಲ್ಲವೆ ಅದು?"

ಉತ್ತರ ಚೆನ್ನಾಗಿತ್ತು. ರಾವ್ನಾಗೂ ಹಾಗೇ ಅನ್ನಿಸಿತು. ಸಾಹೇಬರು ಗಡಿಯಾರ ತೆಗೆದು ನೋಡಿದರು. ಇನ್ನೊಂದು ಪ್ರಶ್ನೆಗೆ ಹೊರಗೆ ಹಾಕುತ್ತಾರೆಂದು ಅವಳಿಗೆ ಗೊತ್ತಾಯಿತು.

"ಹಾಗಾದ್ರೆ ಇದನ್ನ ನೀವು ಒಂದು ದಿನವೂ ಕಾಲಿಗೆ ಹಾಕಲಿಲ್ಲ?"

"ಕಳ್ಳನ ಬೂಟು ಮೆಟ್ಟುವ ಜನ ನಾವಲ್ಲ. ಅದೂ ಒಬ್ಬ ಲಾಪ್ ಹೆಂಗಸು ಹೊಲಿದದ್ದು."

"ಬರೆದುಕೋ ಹಾಗ್‌ಬಾರ್ಟ್. ಒಂದು ದಿನವೂ ಹಾಕಲಿಲ್ಲ."

ಅವಳು ಎಡಗಾಲಿನ ಬೂಟಿನ ಹುಲ್ಲು ಕಿತ್ತು ನೆಲಕ್ಕೆ ಹಾಕಿದಳು. ಕೈಯನ್ನು ಮೊಣಕೈವರೆಗೆ ಒಳಗಿಟ್ಟು ಕಣ್ಣು ಮುಚ್ಚಿದಳು. ಮೂವತ್ತು ವರ್ಷ ಜನರ ಕಾಲನ್ನು ಬೂಟಿನೊಳಗಿನಿಂದ ಓದಿದ ಕೈ ಅದು. ಯಾರು ಎಷ್ಟು ಭಾರ, ಯಾರಿಗೆ ಯಾವ ಕಾಲು ನೋವು, ಯಾರು ಕುಡಿದು ಒಂದು ಕಡೆ ವಾಲುತ್ತಾನೆ, ಎಲ್ಲ ಅಟ್ಟೆಯ ಒಳಮೈಯಲ್ಲಿ ಕುಳಿ ಬಿದ್ದಿರುತ್ತದೆ. ನಾಲಿಗೆ ಸುಳ್ಳು ಹೇಳುತ್ತದೆ, ಅಟ್ಟೆ ಹೇಳುವುದಿಲ್ಲ.

"ಹಿಮ್ಮಡಿ ಇಲ್ಲಿದೆ," ಎಂದಳು. "ನನ್ನ ಗಂಡನದು ಅಗಲ. ಅದರೊಳಗೆ ಇನ್ನೊಂದು ಹಿಮ್ಮಡಿ ಕೂತಿದೆ, ಸಣ್ಣದು. ಪೇಟೆಯ ಕಾಲು. ಹೆಬ್ಬೆರಳು ಒಂದು. ಪಕ್ಕದ್ದು ಎರಡು. ಅದರ ಪಕ್ಕದ್ದು ಮೂರು." ಅವಳು ಕಣ್ಣು ತೆರೆದಳು. "ಆಮೇಲೆ ಇಲ್ಲ."

ಹಾಗ್‌ಬಾರ್ಟ್ ಬರೆಯುವುದನ್ನು ಬಿಟ್ಟು ತಲೆ ಎತ್ತಿದ.

"ಐಲೆರ್ಟ್‌ಗೆ ಐದೂ ಬೆರಳು ಇತ್ತು ಸಾಹೇಬರೇ. ಇಪ್ಪತ್ತೆರಡು ವರ್ಷ ತೊಳೆದಿದ್ದೀನಿ, ಎಣಿಕೆ ತಪ್ಪಲ್ಲ. ಎಡಗಾಲಲ್ಲಿ ಮೂರೇ ಬೆರಳಿರೋರು ಈ ಕೋಣೆಯಲ್ಲಿ ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕ್ಯಾಪ್ಟನ್ ಮುಟ್ಟಿದ್ದು ಹೆಗಲನ್ನಲ್ಲ. ಅವನ ಎಡಗಾಲು ತಾನಾಗಿ ಹಿಂದೆ ಸರಿದು ಕುರ್ಚಿಯ ಕೆಳಗೆ ಸೇರಿತು. ಸಾಹೇಬರು ಅದನ್ನು ನೋಡಿದರು. ಹಾಗ್‌ಬಾರ್ಟ್ ನೋಡಿದ. ಅವನಿಗೆ ಈಗ ಕೆಮ್ಮು ಬರಲಿಲ್ಲ. ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಬೇಕಿದ್ರೆ ಹಾಕಿ ತೋರಿಸಿ," ಎಂದಳು ರಾವ್ನಾ. "ಹಿಡಿಸಲಿಲ್ಲ ಅಂದ್ರೆ ನಿಮ್ಮ ಕಾಲಿಗೆ ಬಿದ್ದು ಹೋಗ್ತೀನಿ."

ಲುಂಡ್ಬಿ ನಕ್ಕ. ನಗು ಚೆನ್ನಾಗಿಯೇ ಇತ್ತು, ಒಂದು ಕ್ಷಣ ತಡವಾಗಿತ್ತು ಅಷ್ಟೆ. "ಸರಿ. ಹಾಕಿದ್ದೆ. ನಾಚಿಕೆಯಿಂದ ಹೇಳಲಿಲ್ಲ. ನನ್ನ ಬೂಟು ಚೂರುಚೂರಾಗಿತ್ತು. ಸತ್ತವನಿಗೆ ಬೇಡದ್ದು ಬದುಕಿದವನಿಗೆ ಬೇಕಾಯಿತು. ಅದಕ್ಕೆ ಗಲ್ಲು ಹಾಕ್ತೀರಾ?"

"ಎಷ್ಟು ದಿನ ಹಾಕಿದಿರಿ?"

"ಹೆಣ ಸಿಕ್ಕ ಮೇಲೆ ಎರಡು ದಿನ ಹಿಮದ ಮೇಲೆ ದೋಣಿ ಎಳೆದುಕೊಂಡು ನಡೆದೆ. ಆಮೇಲೆ ನೀರು."

"ಎರಡು ದಿನಕ್ಕೆ ಇಷ್ಟು ಕುಳಿ ಬೀಳಲ್ಲ. ನಾಲ್ಕು ವಾರ ಬೇಕು." ಅವಳ ಧ್ವನಿ ಏರಲಿಲ್ಲ. "ದೋಣಿ ತಗೊಂಡವರು ನೀವು. ಬಿಸ್ಕತ್ತು ತಗೊಂಡವರು ನೀವು. ಬೂಟು ಕಾಲಲ್ಲಿತ್ತು, ರಷ್ಯನ್ನರು ಪಟ್ಟಿ ನೋಡಿ ಯಾರದು ಅಂತ ಕೇಳಿದ್ರು. ಆಗ ಒಂದು ಹೆಣ ಬೇಕಾಯ್ತು ನಿಮಗೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ನನ್ನ ಮೇಕೆಗೆ ಇಲ್ಲಿ ಮಾತಾಡೋಕೆ ಯಾರೂ ಇಲ್ಲ ಅಂದುಕೊಂಡ್ರಾ?"

"ಸಾಹೇಬರೇ, ಇದು ಊಹೆ," ಎಂದ ಲುಂಡ್ಬಿ. "ಒಬ್ಬ ಬೂಟು ಹೊಲಿಯೋಳ ಬೆರಳಿನ ಊಹೆ."

ಬ್ರೂನ್ ಸಾಹೇಬರು ಹಣೆ ಉಜ್ಜಿಕೊಂಡರು. "ರಾವ್ನಾ, ಇದು ಸಾಲದು. ಬೂಟು ಹಾಕಿದ್ದನ್ನ ಮುಚ್ಚಿಟ್ಟರು, ತಪ್ಪು. ಆದರೆ ನಿನ್ನ ಗಂಡ ಓಡಿಹೋಗಲಿಲ್ಲ ಅಂತ ಅದರಿಂದ ಹೇಗೆ ಗೊತ್ತಾಗುತ್ತೆ?"

ಅವಳ ಕೈ ಇನ್ನೂ ಬೂಟಿನೊಳಗೇ ಇತ್ತು. ಬೆರಳಿಲ್ಲದ ಜಾಗದಲ್ಲಿ, ಮೂಗಿನ ಮೂಲೆಯಲ್ಲಿ, ಒಂದು ಗಟ್ಟಿ ಉಂಡೆ. ಕಾಲು ಜಾರದಿರಲೆಂದು ತುಂಬಿದ ಮೆತ್ತೆ ಎಂದುಕೊಂಡು ಅವಳು ಅದನ್ನು ಬಿಟ್ಟಿದ್ದಳು. ಈಗ ಉಗುರಿನಿಂದ ಕೆದಕಿದಳು. ಹೊಲಿಗೆ ಸಿಕ್ಕಿತು. ಉಂಡೆಯನ್ನು ಚರ್ಮಕ್ಕೆ ಸೇರಿಸಿ ಹೊಲಿದಿದ್ದರು.

ತನ್ನ ಹೊಲಿಗೆಯಲ್ಲ. ಉದ್ದುದ್ದ, ಓರೆಕೋರೆ, ಹಾಯಿಬಟ್ಟೆಗೆ ಹಾಕುವ ಹೊಲಿಗೆ. ಈ ಹೊಲಿಗೆಯನ್ನು ಅವಳು ಎಷ್ಟು ಸಲ ಬೈದು ಬಿಚ್ಚಿಲ್ಲ! ಐಲೆರ್ಟ್‌ನ ಹೊಲಿಗೆ.

"ಚಾಕು ಕೊಡು," ಎಂದಳು ಹಾಗ್‌ಬಾರ್ಟ್‌ಗೆ.

ಹೊರಗೆ ಬಂದದ್ದು ಸೀಲ್ ಎಂಬ ಕಡಲಪ್ರಾಣಿಯ ಕರುಳಿನ ತೆಳು ಪೊರೆಯಲ್ಲಿ ಸುತ್ತಿದ ಕಾಗದ. ಪಂಚಾಂಗದಿಂದ ಹರಿದ ಹಾಳೆ, ಸೀಸದ ಕಡ್ಡಿಯ ಬರಹ. ಅಚ್ಚಿನಲ್ಲಿದ್ದ ಹಾಗೆ ಬಿಡಿಬಿಡಿ ಅಕ್ಷರ. ಗಂಡ ಹೆಂಡತಿ ಇಬ್ಬರಿಗೂ ಅಚ್ಚಿನ ಅಕ್ಷರ ಮಾತ್ರ ಗೊತ್ತು. ಪಾದ್ರಿಗಳ ಬಳಿ ಕಲಿತದ್ದು ಅಷ್ಟೇ.

ಕ್ಯಾಪ್ಟನ್ ಮುಖದಲ್ಲಿ ನೆತ್ತರು ಇರಲಿಲ್ಲ. ಅವನಿಗೆ ಇದು ಗೊತ್ತೇ ಇರಲಿಲ್ಲ. ನಾಲ್ಕು ವಾರ ಆ ಕಾಗದದ ಪಕ್ಕದಲ್ಲೇ ಕಾಲಿಟ್ಟು ನಡೆದಿದ್ದ.

ರಾವ್ನಾ ಜೋರಾಗಿ ಓದಿದಳು. ಮಗು ಪಾಠ ಒಪ್ಪಿಸುವಂತೆ, ಒಂದೊಂದೇ ಪದ.

"'ರಾವ್ನಾ. ಏಪ್ರಿಲ್ ಇಪ್ಪತ್ತು. ಐದು ಜನ ಬದುಕಿದ್ದೇವೆ. ನನ್ನ ಮೊಣಕಾಲು ಮುರಿದಿದೆ, ಬೂಟು ನನಗೆ ಬೇಡ. ಕ್ಯಾಪ್ಟನ್‌ಗೆ ಕೊಟ್ಟಿದ್ದೇನೆ, ದೋಣಿಯನ್ನೂ ಕೊಟ್ಟಿದ್ದೇನೆ. ಸಹಾಯ ತರುತ್ತೇನೆ ಅಂದಿದ್ದಾನೆ. ತಂದರೆ ಸರಿ. ಬೇಸಿಗೆಗೆ ಈ ಬೂಟು ಹೊಸ ಅಟ್ಟೆಗೆ ನಿನ್ನ ಹತ್ತಿರ ಬಂದೇ ಬರುತ್ತೆ. ಅವನು ತಂದಿಲ್ಲ ಅಂದರೆ ನೀನು ಯಾರನ್ನಾದರೂ ಕಳಿಸು. ಸೀಲ್ ಬೇಟೆ ಸಿಗುತ್ತೆ, ಆಗಸ್ಟ್‌ವರೆಗೆ ಇರುತ್ತೇವೆ.'"

ಅವಳು ಓದು ನಿಲ್ಲಿಸಿದಳು. ಬದುಕಿದ್ದಾನೆ. ಮೂರು ವಾರದಿಂದ ಊರು ಅವಳನ್ನು ಕಳ್ಳನ ವಿಧವೆ ಎನ್ನುತ್ತಿತ್ತು. ಅವನು ಎಲ್ಲೋ ಮುರಿದ ಕಾಲು ಚಾಚಿಕೊಂಡು, ತನ್ನ ಹೆಂಡತಿ ಬೂಟಿನೊಳಗೆ ಕೈ ಹಾಕುತ್ತಾಳೆಂದು ಕಾಯುತ್ತಿದ್ದ.

"ಹೆಸರು," ಎಂದರು ಸಾಹೇಬರು. ಧ್ವನಿ ಬೇರೆಯಾಗಿತ್ತು. "ಐದು ಜನ ಯಾರು? ಹೆಸರಿದೆಯೆ?"

"'ನಾನು. ಬಡಗಿ ಕ್ನೂಟ್. ಹಾಯಿ ಕಟ್ಟುವ ಅಣ್ಣತಮ್ಮಂದಿರಿಬ್ಬರು.'" ಅವಳು ತಲೆ ಎತ್ತಿದಳು. "'ಲೌರಿತ್ಸ್ ಬ್ರೂನ್.'"

ಸಾಹೇಬರು ಮೇಜಿನ ಅಂಚು ಹಿಡಿದರು. ಕೂರಬೇಕೆಂದು ಹಿಂದೆ ಸರಿದರು, ಕುರ್ಚಿ ಎಲ್ಲಿದೆಯೆಂದು ತಿಳಿಯಲಿಲ್ಲ. ಹಾಗ್‌ಬಾರ್ಟ್ ಓಡಿಬಂದು ಕೂರಿಸಿದ.

"ನಿಮ್ಮ ಕೈಯಾರೆ ಮಣ್ಣು ಮಾಡಿದೆ ಅಂದಿರಿ," ಎಂದರು ಅವರು ಲುಂಡ್ಬಿಗೆ. "ನನ್ನ ಹೆಂಡತಿಯ ಎದುರಿಗೆ. ಈ ದಿನ, ನಮ್ಮ ಮನೆಯ ಊಟದ ಮೇಜಿನಲ್ಲಿ ಕೂತು ಅಂದಿರಿ."

ಲುಂಡ್ಬಿ ಕಾಗದವನ್ನು ನೋಡುತ್ತಿದ್ದ. ಅದರ ಕೆಳಗಿನ ಮೂಲೆಯನ್ನು. ರಾವ್ನಾಳೂ ಆಗ ಅಲ್ಲಿಗೆ ನೋಡಿದಳು. 'ನಾವು ಇರುವ ಜಾಗ' ಎಂದು ಶುರುವಾದ ಸಾಲು ಬೂದಿ ಬಣ್ಣದ ಕಲೆಯಲ್ಲಿ ಮುಳುಗಿತ್ತು. ಹೊಲಿಗೆಯ ಒಂದು ತೂತಿನಿಂದ ನೀರು ಇಳಿದು, ಕ್ಯಾಪ್ಟನ್ ಕಾಲಿನ ಭಾರ ಅದನ್ನು ಒರೆಸಿ ಹಾಕಿತ್ತು.

ಅವನ ಬೆನ್ನು ನಿಧಾನವಾಗಿ ನೆಟ್ಟಗಾಯಿತು.

"ಜಾಗ ಗೊತ್ತಿರೋನು ನಾನೊಬ್ಬ," ಎಂದ. "ಉತ್ತರದಲ್ಲಿ ದ್ವೀಪ ಎಷ್ಟು ಅಂತ ನಿಮಗೆ ಗೊತ್ತು. ಈಗಲೇ ಜುಲೈ. ಹುಡುಕ್ತಾ ಹೋದ್ರೆ ಆಗಸ್ಟ್ ಮುಗಿಯುತ್ತೆ, ಹಿಮ ಮುಚ್ಚುತ್ತೆ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸ್ತೀನಿ. ಎರಡೇ ಮಾತು. ತೀರ್ಪು ಬರೆದ ಹಾಗೇ ಸಹಿಯಾಗಬೇಕು. ಆ ಕಾಗದ ಒಲೆಗೆ ಹೋಗಬೇಕು."

"ಎಷ್ಟು ನಾಚಿಕೆಗೆಟ್ಟವನಯ್ಯಾ ನೀನು," ಎಂದ ಹಾಗ್‌ಬಾರ್ಟ್.

"ಅವರು ಬಂದು ಏನಾದ್ರೂ ಹೇಳಲಿ. ಸಹಿಯಾದ ತೀರ್ಪಿನ ಎದುರು ಅದು ಹಸಿದವರ ಹುಚ್ಚು ಮಾತು. ಓಡಿಹೋದವನ ಮಾತನ್ನ ರಾಜಧಾನಿಯಲ್ಲಿ ಯಾರೂ ಕೇಳಲ್ಲ. ನಿಮ್ಮ ಮಗ ನಿಮ್ಮ ಮನೆಗೆ ಬರ್ತಾನೆ. ಅವಳ ಗಂಡನೂ ಬರ್ತಾನೆ, ಬೇಡಿ ಹಾಕಿಸಿಕೊಂಡು. ಟಪಾಲು ಹಡಗು ಐದಕ್ಕೆ."

ಬ್ರೂನ್ ಸಾಹೇಬರು ಲೇಖನಿ ಎತ್ತಿಕೊಂಡರು. ನ್ಯಾಯಾಧೀಶನ ಕೈಯಾಗಿರಲಿಲ್ಲ ಅದು, ಅಪ್ಪನ ಕೈ. ಅವರು ರಾವ್ನಾಳನ್ನು ನೋಡಿದರು. "ನಾನು ನಿನ್ನ ಮುಖ ನೋಡೋಕೆ ಲಾಯಕ್ಕಿಲ್ಲ," ಎಂದರು. "ಆದರೂ ಕೇಳ್ತೀನಿ. ಕಾಗದ ಕೊಟ್ಟುಬಿಡಮ್ಮ."

ಗಂಡನ ಹೆಸರಿಗಾಗಿ ಬಂದವಳು ಅವಳು. ಮೂರು ದಿನ ಬಾಗಿಲು ಕಾದದ್ದು ಅದಕ್ಕೇ. ಹೆಸರು ಉಳಿಸುವ ಕಾಗದ ಕೈಯಲ್ಲಿತ್ತು, ಅದನ್ನು ಉಳಿಸಿಕೊಂಡರೆ ಆ ಹೆಸರಿನ ಮನುಷ್ಯ ಉಳಿಯುವುದಿಲ್ಲ. ಅವಳಿಗೆ ಸಿಟ್ಟು ಬಂತು. ಇವನ ಮೇಲೆ, ಸಾಹೇಬರ ಮೇಲೆ, ಬೂಟು ಬಿಚ್ಚಿಕೊಟ್ಟ ಆ ಹುಚ್ಚು ಗಂಡನ ಮೇಲೆ. ಬೂಟು ಯಾಕೆ ಕೊಡಬೇಕಿತ್ತು ಪುಣ್ಯಾತ್ಮ?

ಅವಳು ಎದ್ದು ಹೋಗಿ ಕಬ್ಬಿಣದ ಒಲೆಯ ಬಾಗಿಲು ತೆಗೆದಳು. ತನ್ನ ಹೆಸರು ಬರೆದಿದ್ದ ಮೊದಲ ಸಾಲನ್ನು ಇನ್ನೊಮ್ಮೆ ನೋಡಿದಳು. ಕಾಗದವನ್ನು ಒಳಗೆ ಹಾಕಿದಳು.

"ಹೆಸರಿಗೆ ಹತ್ತಿದ ಕೊಳೆ ಆಮೇಲೆ ತೊಳೀಬಹುದು," ಎಂದಳು. "ಸತ್ತವರನ್ನ ಎಬ್ಬಿಸೋಕೆ ಆಗಲ್ಲ. ಸಹಿ ಹಾಕಿ ಸಾಹೇಬರೇ."

ಲುಂಡ್ಬಿ ಉಸಿರುಬಿಟ್ಟ. "ಬುದ್ಧಿವಂತೆ."

"ಇರಿ, ಮುಗಿದಿಲ್ಲ. ಕಾಗದ ಸುಟ್ಟರೆ ಕೇಳಿದ ಕಿವಿಗಳು ಸುಡಲ್ಲ, ಮೂವರು ಇದ್ದೀವಿ. ಮತ್ತೆ, ನಕ್ಷೆಯ ಮೇಲೆ ನೀವು ಬೆರಳಿಟ್ಟರೆ ನಂಬೋಕೆ ನನಗೆ ಹುಚ್ಚಿಲ್ಲ. ಇದೇ ನಾಲಿಗೆ ಲೌರಿತ್ಸನನ್ನ ಹೂತು ಬಂದಿತ್ತು. ಕೆಳಗೆ ಕಟ್ಟೆಯಲ್ಲಿ ವಾಲ್ರಸ್ ಬೇಟೆಯ ಹಡಗು ನಿಂತಿದೆ, ಆರು ಗಂಟೆಗೆ ಸಮುದ್ರದ ಇಳಿತಕ್ಕೆ ಹೊರಡುತ್ತೆ. ನೀವೂ ಬರ್ತೀರಿ. ಮುಂದೆ ನಿಂತು ದಾರಿ ತೋರಿಸ್ತೀರಿ. ದ್ವೀಪಕ್ಕೆ ಮೊದಲು ಇಳಿಯೋರೂ ನೀವೇ."

"ಅದು ಸರಿ," ಎಂದರು ಸಾಹೇಬರು. "ಬಂದರೆ ಮಾತ್ರ ಸಹಿ."

ಲುಂಡ್ಬಿ ಎದ್ದು ನಿಂತ. ಕೋಲು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಮಧ್ಯಾಹ್ನವೆಲ್ಲ ಸುಳ್ಳು ಬಯಲಾಗುತ್ತಿದ್ದಾಗಲೂ ಇಲ್ಲದ ಭಯ ಈಗ ಅವನ ಕಣ್ಣಿನಲ್ಲಿತ್ತು. ಅವನು ಮೇಜಿನ ಬಳಿ ಹೋಗಿ, ತಾನು ಬೇಡಿ ಬರೆಸಿದ ತೀರ್ಪನ್ನು ಎತ್ತಿಕೊಂಡು, ಅಡ್ಡಕ್ಕೆ ಹರಿದ. ಉದ್ದಕ್ಕೆ ಹರಿದ.

"ಬರೆದುಕೊಳ್ಳಿ," ಎಂದ. "ದೋಣಿ ತಗೊಂಡು ಓಡಿದವನು ನಾನು. ಬಿಸ್ಕತ್ತು ಕದ್ದವನು ನಾನು. ಐಲೆರ್ಟ್ ಕಳ್ಳನಲ್ಲ. ಸಹಿ ಹಾಕಿಕೊಡ್ತೀನಿ. ಜಾಗವನ್ನೂ ನಿಜವಾಗಿ ತೋರಿಸ್ತೀನಿ. ಜೈಲಿಗೆ ಹಾಕಿ, ನೇಣಿಗೆ ಹಾಕಿ. ನನ್ನನ್ನ ಮಾತ್ರ ಅಲ್ಲಿಗೆ ಕರಕೊಂಡು ಹೋಗಬೇಡಿ."

ಕೇಳಲು ಬಂದದ್ದೆಲ್ಲ ಒಂದೇ ಉಸಿರಿಗೆ ಸಿಕ್ಕಿತ್ತು. ರಾವ್ನಾಳಿಗೆ ಸಂತೋಷವಾಗಲಿಲ್ಲ. ಅಂದು ಮೊದಲ ಸಲ ಅವಳಿಗೆ ಹೆದರಿಕೆಯಾಯಿತು.

"ಐದು ಜನ ಹಸಿದವರು," ಎಂದಳು. "ಅವರಿಗೆ ಇಷ್ಟು ಹೆದರ್ತೀರಾ?"

"ಅವರಿಗಲ್ಲ." ಲುಂಡ್ಬಿ ಹರಿದ ಕಾಗದದ ಚೂರುಗಳನ್ನು ಮೇಜಿನ ಮೇಲಿಟ್ಟ. "ಅಲ್ಲಿ ಆರು ಜನ ಇದ್ದಾರೆ. ಆರನೆಯವನು ನಮ್ಮ ಹಡಗಿನವನಲ್ಲ. ಅವನು ಯಾರು ಅಂತ ನಿನ್ನ ಗಂಡನಿಗೆ ಗೊತ್ತು. ಅದಕ್ಕೇ ಬರೆದಿಲ್ಲ, ಬರೆದಿದ್ರೆ ಯಾರೂ ಹಡಗು ಕಳಿಸ್ತಿರಲಿಲ್ಲ."